ತಿಲಾಪಿಯಾ ಸುತ್ತಿ ಸುತ್ತಿ ಸಾಯುತ್ತಿವೆ, ಪಿಸಿಆರ್ ಮಾಡಿಸಬೇಕಾ?

ನಾಲೆಬಯಲು, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರದ ಹತ್ತಿರ, ವಿ.ಸಿ. ನಾಲೆ ನೀರು ಬರುವ ಜಮೀನು. ಕಬ್ಬಿನ ಗದ್ದೆ ಪಕ್ಕ ಎರಡು ಹೊಂಡ ತೆಗೆಸಿ ಗಿಫ್ಟ್ ಅನ್ನುವ ಸುಧಾರಿತ ತಳಿಯ ತಿಲಾಪಿಯಾ ಮೀನು ಸಾಕುತ್ತಿದ್ದೇನೆ. ಇಲಾಖೆಯ ಅನುಮತಿ ಇದೆ, ಆ ಚರ್ಚೆ ಇಲ್ಲಿ ಬೇಡ.

ಯುಗಾದಿ ಆದ ಮೇಲೆ ಬಿಸಿಲು ಏರಿತಲ್ಲ, ಅಲ್ಲಿಂದ ದೊಡ್ಡ ಹೊಂಡದಲ್ಲಿ ದಿನಾ ಬೆಳಿಗ್ಗೆ ಮೀನು ತೇಲುತ್ತಿವೆ. ಸಾಯುತ್ತಿರುವುದು ಕಾಲು ಕೆಜಿ ದಾಟಿದ ಮೀನುಗಳೇ. ಪಕ್ಕದ ಹೊಂಡದ ಮರಿಗಳು ಆರಾಮಾಗಿವೆ. ಕಾಯಿಲೆ ಬಿದ್ದ ಮೀನು ಮೊದಲು ಗುಂಪು ಬಿಟ್ಟು ದಡಕ್ಕೆ ಬರುತ್ತದೆ. ಒಂದೇ ಕಡೆ ಗಿರಗಿರ ಸುತ್ತುತ್ತದೆ. ಮೇವು ಮುಟ್ಟುವುದಿಲ್ಲ. ಕಣ್ಣುಗುಡ್ಡೆ ಹೊರಗೆ ಉಬ್ಬಿರುತ್ತದೆ, ಕೆಲವಕ್ಕೆ ಕಣ್ಣಿನ ಮೇಲೆ ಬಿಳಿ ಪೊರೆ. ಮೈಮೇಲೆ ಹುಣ್ಣಿಲ್ಲ, ಹೇನಿಲ್ಲ.

ಫೀಡ್ ಅಂಗಡಿಯವರು ಯಾವುದೋ ಆಂಟಿಬಯೋಟಿಕ್ ಪುಡಿ ಕೊಟ್ಟು ಮೇವಿಗೆ ಕಲಸಿ ಹಾಕಿ ಅಂದರು. ಪ್ಯಾಕೆಟ್ ಇನ್ನೂ ಒಡೆದಿಲ್ಲ. ಮಗಳು ಬಿಎಸ್ಸಿ ಓದುತ್ತಿದ್ದಾಳೆ. ‘ಅಪ್ಪಾ, ಯಾವ ರೋಗ ಅಂತ ಗೊತ್ತಾಗದೆ ಔಷಧಿ ಹಾಕಬೇಡ, ಮೊದಲು ಪಿಸಿಆರ್ ಅನ್ನುವ ಡಿಎನ್‌ಎ ಟೆಸ್ಟ್ ಮಾಡಿಸು’ ಅಂತ ಹಟ ಹಿಡಿದಿದ್ದಾಳೆ. ಸರಿ, ಒಂದು ಲ್ಯಾಬ್‌ಗೆ ಫೋನ್ ಮಾಡಿದೆ. ಆ ಕಡೆಯಿಂದ ಮೊದಲ ಪ್ರಶ್ನೆ: ‘ಯಾವ ಬ್ಯಾಕ್ಟೀರಿಯಾಗೆ ಪಿಸಿಆರ್ ಮಾಡಬೇಕು ಸಾರ್?’ ಅದು ಗೊತ್ತಿದ್ದರೆ ನಾನ್ಯಾಕೆ ಸ್ವಾಮಿ ನಿಮಗೆ ಫೋನ್ ಮಾಡುತ್ತಿದ್ದೆ? ಒಂದೊಂದು ಹೆಸರಿಗೂ ಬೇರೆ ಬೇರೆ ಚಾರ್ಜ್ ಅಂತೆ. ಲಿಸ್ಟ್ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ, ಓದಲು ಹೋದರೆ ನಾಲಿಗೆ ತಿರುಗುವುದಿಲ್ಲ.

ಈ ಟೆಸ್ಟಿನಿಂದ ನಿಜವಾಗಿ ರೋಗ ಗೊತ್ತಾಗುತ್ತದಾ? ಮಾಡಿಸುವುದಾದರೆ ಏನು ಕಳಿಸಬೇಕು, ಹೇಗೆ ಕಳಿಸಬೇಕು? ಇಲ್ಲಾ ಸುಮ್ನೆ ದುಡ್ಡು ದಂಡವಾ? ಗೊತ್ತಿದ್ದವರು ಹೇಳಿ.

ಭದ್ರಾ ಹಿನ್ನೀರು

ಅಣ್ಣಾ, ಲ್ಯಾಬ್ ವಿಷಯ ಗೊತ್ತಿರುವವರು ಬಂದು ಹೇಳಲಿ. ಅಲ್ಲಿಯವರೆಗೆ ಎರಡು ಕೆಲಸ ಮಾಡಿ. ಬೆಳಗಿನ ಜಾವ ಐದು ಗಂಟೆಗೆ ಹೊಂಡದ ಹತ್ತಿರ ಹೋಗಿ. ಎಲ್ಲ ಮೀನೂ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಆಕ್ಸಿಜನ್ ತೊಂದರೆ, ಏರೇಟರ್ ಹಾಕಿ, ಟೆಸ್ಟಿನ ದುಡ್ಡು ಉಳಿಸಿ. ಎರಡನೇದು, ಮೇವು ನಿಲ್ಲಿಸಿ, ಇಲ್ಲದಿದ್ದರೆ ಅರ್ಧಕ್ಕೆ ಇಳಿಸಿ. ಬಿಸಿಲಿಗೆ ಕಾಯಿಲೆ ಬಂದಾಗ ಹೊಟ್ಟೆ ತುಂಬ ತಿಂದ ಮೀನೇ ಮೊದಲು ಸಾಯುವುದು, ನಮ್ಮ ಕಡೆ ನೋಡಿದ್ದೇವೆ.

ನನ್ನ ಕೇಳಿದರೆ ಡಿಎನ್‌ಎ ಗಿನ್‌ಎ ಎಲ್ಲ ರಫ್ತು ಮಾಡುವ ಸಿಗಡಿಯವರಿಗೆ. ನಮ್ಮಂಥವರಿಗೆ ಸುಣ್ಣ, ಉಪ್ಪು, ಹೊಸ ನೀರು.

ಕಡಲತಡಿ

ಭದ್ರಾ ಅಣ್ಣನ ಮೊದಲ ಎರಡು ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಮೂರನೆಯದಕ್ಕೆ ಇಲ್ಲ.

ನಾನು ಮಂಗಳೂರು ಮೀನುಗಾರಿಕೆ ಕಾಲೇಜಿನಲ್ಲಿ ಓದಿದವಳು. ಈಗ ಮೀನು, ಸಿಗಡಿ ಸ್ಯಾಂಪಲ್ ಬರುವ ಲ್ಯಾಬೊಂದರಲ್ಲಿ ಪಿಸಿಆರ್ ಮೆಷಿನ್ ಮುಂದೆ ಕೂರುವುದೇ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾಲೆಬಯಲು ಅಣ್ಣಾ, ‘ಯಾವ ಬ್ಯಾಕ್ಟೀರಿಯಾಗೆ’ ಅನ್ನುವ ಪ್ರಶ್ನೆ ನಿಮಗೆ ಸಿಟ್ಟು ತರಿಸಿದೆ. ಆದರೆ ಅದು ಕೇಳಲೇಬೇಕಾದ ಪ್ರಶ್ನೆ. ಲ್ಯಾಬಿನವರು ಅದನ್ನು ನಿಮ್ಮನ್ನಲ್ಲ, ತಮ್ಮನ್ನೇ ಕೇಳಿಕೊಳ್ಳಬೇಕಿತ್ತು, ಅಷ್ಟೇ.

ಪಿಸಿಆರ್ ಮೆಷಿನ್ ‘ಈ ಮೀನಿನೊಳಗೆ ಏನೇನಿದೆ’ ಅಂತ ಹೇಳುವುದಿಲ್ಲ. ನಾವು ಹೆಸರು ಹಿಡಿದು ಕೂಗಿದ್ದು ಇದೆಯೋ ಇಲ್ಲವೋ, ಅಷ್ಟೇ. ಛತ್ರದಲ್ಲಿ ಮೈಕ್ ಹಿಡಿದು ‘ಮದ್ದೂರಿನ ರಾಜಣ್ಣ ಎಲ್ಲಿದ್ದರೂ ವೇದಿಕೆ ಹತ್ತಿರ ಬನ್ನಿ’ ಅಂತ ಕೂಗುತ್ತಾರಲ್ಲ, ಹಾಗೆ. ರಾಜಣ್ಣ ಇದ್ದರೆ ಎದ್ದು ಬರುತ್ತಾರೆ. ಪಕ್ಕದಲ್ಲೇ ಕೂತ ಶಿವಣ್ಣನ ಸುದ್ದಿ ನಮಗೆ ಗೊತ್ತಾಗುವುದಿಲ್ಲ.

ಇಲ್ಲಿ ಕೂಗುವ ಕೆಲಸ ಮಾಡುವುದು ಪ್ರೈಮರ್. ಸುಮಾರು ಇಪ್ಪತ್ತು ಅಕ್ಷರದ ಡಿಎನ್‌ಎ ತುಂಡುಗಳು, ಜೋಡಿಯಾಗಿ ಬರುತ್ತವೆ. ಯಾವ ಬ್ಯಾಕ್ಟೀರಿಯಾ ಬೇಕೋ ಅದರಲ್ಲಿ ಮಾತ್ರ ಇರುವ ಜೀನ್‌ಗೆ ಹೊಂದುವಂತೆ ಮಾಡಿಸಿರುತ್ತಾರೆ. ಮೀನಿನ ಕಿಡ್ನಿ ಅಥವಾ ಮಿದುಳಿನ ಚೂರಿನಿಂದ ಡಿಎನ್‌ಎ ತೆಗೆದು, ಪ್ರೈಮರ್ ಹಾಕಿ, ಮೆಷಿನ್‌ನಲ್ಲಿ ಇಡುತ್ತೇವೆ. 95 ಡಿಗ್ರಿಗೆ ಕಾಯಿಸಿದಾಗ ಡಿಎನ್‌ಎಯ ಎರಡು ಎಳೆ ಬಿಡಿಸಿಕೊಳ್ಳುತ್ತವೆ. 50–60ಕ್ಕೆ ಇಳಿಸಿದಾಗ ಪ್ರೈಮರ್ ತನ್ನ ಜಾಗ ಸಿಕ್ಕರೆ ಅಂಟಿಕೊಳ್ಳುತ್ತದೆ. 72ಕ್ಕೆ ಏರಿಸಿದಾಗ ಕಿಣ್ವ ಹೊಸ ಎಳೆ ಕಟ್ಟುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ. 30 ಸುತ್ತು ಸರಿಯಾಗಿ ನಡೆದರೆ ಒಂದೇ ತುಂಡು 100 ಕೋಟಿ ದಾಟುತ್ತದೆ. ಅಷ್ಟಾದ ಮೇಲೆ ಜೆಲ್‌ನಲ್ಲಿ ಓಡಿಸಿ ಅಲ್ಟ್ರಾವಯಲೆಟ್ ದೀಪದ ಕೆಳಗೆ ನೋಡಿದರೆ ಕಣ್ಣಿಗೆ ಕಾಣುವ ಗೆರೆ. ಇದನ್ನು 1983ರಲ್ಲಿ ಯೋಚಿಸಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. 95 ಡಿಗ್ರಿಯಲ್ಲೂ ಕೆಡದ ಆ ಕಿಣ್ವ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ.

ಈಗ ನಿಮ್ಮ ಹೊಂಡಕ್ಕೆ ಬರೋಣ. ಬಿಸಿಲು ಏರಿದ ಮೇಲೆ ಶುರುವಾಗಿದೆ. ದೊಡ್ಡ ಮೀನೇ ಸಾಯುತ್ತಿವೆ. ಸುತ್ತುತ್ತವೆ, ಕಣ್ಣು ಉಬ್ಬಿದೆ. ನೀವು ಬರೆದಿದ್ದು ಓದಿದರೆ ನನಗೆ ಮೊದಲು ಅನುಮಾನ ಬರುವುದು ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಮೇಲೆ. ಅದರಲ್ಲೂ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೇ, ಆಮೇಲೆ ಸ್ಟ್ರೆಪ್ಟೊಕಾಕಸ್ ಇನಿಯೇ. ಇವು ಮಿದುಳಿಗೆ ಹೋಗುತ್ತವೆ, ಅದಕ್ಕೇ ಮೀನು ಸುತ್ತುವುದು. ಆದರೆ ಅನುಮಾನ ಅನುಮಾನವೇ. ತಿಲಾಪಿಯಾ ಲೇಕ್ ವೈರಸ್‌ನಲ್ಲೂ ಕಣ್ಣು ಕೆಡುತ್ತದೆ. ಅದು ಸಾಮಾನ್ಯವಾಗಿ ಮರಿಗಳನ್ನು ಜಾಸ್ತಿ ಹಿಡಿಯುತ್ತದೆ, ನಿಮ್ಮ ಮರಿಗಳು ಚೆನ್ನಾಗಿವೆ ಅನ್ನುವುದು ಒಂದು ಸಮಾಧಾನ. ಅಷ್ಟಾದರೂ ಬಿಟ್ಟುಬಿಡುವ ಹಾಗಿಲ್ಲ.

ಇಲ್ಲೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆ ವೈರಸ್‌ನಲ್ಲಿ ಡಿಎನ್‌ಎ ಇಲ್ಲ, ಆರ್‌ಎನ್‌ಎ ಇರುವುದು. ಕೋವಿಡ್ ಹೊತ್ತಿನಲ್ಲಿ ಎಲ್ಲರೂ ಕೇಳಿದ ಆರ್‌ಟಿ–ಪಿಸಿಆರ್ ಅದಕ್ಕೆ ಬೇಕು, ಮೊದಲು ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು ಆಮೇಲೆ ಹೆಚ್ಚಿಸುವುದು. ಬ್ಯಾಕ್ಟೀರಿಯಾಗೆ ಅಂತ ನೀವು ಹತ್ತು ಪಿಸಿಆರ್ ಮಾಡಿಸಿ ಹತ್ತೂ ನೆಗೆಟಿವ್ ಬಂದರೂ ಆ ವೈರಸ್ ಇಲ್ಲ ಅಂತ ಅರ್ಥವಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು.

ಹಾಗಾದರೆ ಯಾವ ಹೆಸರು ಕೂಗಬೇಕು ಅಂತ ತೀರ್ಮಾನ ಮಾಡುವುದು ಹೇಗೆ? ಹಳೇ ವಿದ್ಯೆಯಿಂದಲೇ. ಸಾಯುವ ಹಂತದ ಮೀನಿನ ಮಿದುಳು, ಕಿಡ್ನಿಯನ್ನು ಗಾಜಿನ ಸ್ಲೈಡಿಗೆ ಒತ್ತಿ ಗ್ರಾಂ ಸ್ಟೇನ್ ಮಾಡಿದರೆ, ಅಂದರೆ ಬ್ಯಾಕ್ಟೀರಿಯಾಗೆ ಬಣ್ಣ ಹಿಡಿಸಿ ನೋಡಿದರೆ, ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ. ನೇರಳೆ ಬಣ್ಣದ ಗುಂಡು ಗುಂಡು ಬ್ಯಾಕ್ಟೀರಿಯಾ ಸರದ ಥರ ಕಂಡರೆ ಸ್ಟ್ರೆಪ್ಟೊಕಾಕಸ್ ಪ್ರೈಮರ್ ಹಾಕಿ. ಗುಲಾಬಿ ಬಣ್ಣದ ಕಡ್ಡಿಗಳು ಕಂಡರೆ ಏರೋಮೊನಾಸ್, ಎಡ್ವರ್ಡ್ಸಿಯೆಲ್ಲಾ ಅನ್ನುವ ಬೇರೆ ಬ್ಯಾಕ್ಟೀರಿಯಾಗಳ ಕಡೆ ನೋಡಿ. ಇದಕ್ಕೆ ದೊಡ್ಡ ಮೆಷಿನ್ ಬೇಡ, ಮೈಕ್ರೋಸ್ಕೋಪ್ ಸಾಕು. ಪಟ್ಟಿ ಕಳಿಸಿ ‘ಆರಿಸಿಕೊಳ್ಳಿ’ ಅನ್ನುವ ಲ್ಯಾಬ್‌ಗಿಂತ ‘ಮೊದಲು ಸ್ಟೇನ್ ಮಾಡಿ ನೋಡುತ್ತೇವೆ’ ಅನ್ನುವ ಲ್ಯಾಬ್ ಹುಡುಕಿ.

ಸ್ಯಾಂಪಲ್ ವಿಷಯ ಗಮನವಿಟ್ಟು ಓದಿ. ಟೆಸ್ಟ್ ಕೆಡುವುದು ಜಾಸ್ತಿ ಇಲ್ಲೇ, ಮೆಷಿನ್‌ನಲ್ಲಲ್ಲ.

ಸತ್ತು ತೇಲಿದ ಮೀನು ಬೇಡವೇ ಬೇಡ. ಈ ಬಿಸಿಲಿಗೆ ಕೆಲವೇ ಗಂಟೆಯಲ್ಲಿ ಕರುಳಿನ ಬ್ಯಾಕ್ಟೀರಿಯಾ ಕಿಡ್ನಿ, ಲಿವರ್‌ಗೆಲ್ಲ ಹರಡಿರುತ್ತವೆ. ಆಮೇಲೆ ಟೆಸ್ಟ್ ಮಾಡಿದರೆ ಎಲ್ಲವೂ ಪಾಸಿಟಿವ್. ಇನ್ನೂ ಸುತ್ತುತ್ತಿರುವ, ಉಸಿರಿರುವ ನಾಲ್ಕೈದು ಮೀನು ಹಿಡಿಯಿರಿ. ಸಾಧ್ಯವಾದರೆ ಮರಿ ಸಾಗಿಸುವ ಹಾಗೆ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಜೀವಂತ ತಲುಪಿಸಿ. ಆಗದಿದ್ದರೆ ಚೀಲದಲ್ಲಿ ಕಟ್ಟಿ ಐಸ್ ಮೇಲೆ ಇಟ್ಟು ಅದೇ ದಿನ ಮುಟ್ಟಿಸಿ. ಫ್ರೀಜರ್‌ನಲ್ಲಿ ಕಲ್ಲಾಗಿಸಿದರೆ ಪಿಸಿಆರ್ ಆಗುತ್ತದೆ, ಆದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಅದು ಒಳ್ಳೆಯದಲ್ಲ.

ದೂರ ಅಂತಾದರೆ ಅಂಗದ ಚೂರನ್ನು 95 ಪರ್ಸೆಂಟ್ ಆಲ್ಕೋಹಾಲ್‌ನಲ್ಲಿ ಹಾಕಿ ಕಳಿಸಬಹುದು. ಹೆಸರುಕಾಳಿನಷ್ಟು ಚೂರು ಸಾಕು, ಚೂರಿನ ಹತ್ತರಷ್ಟು ಆಲ್ಕೋಹಾಲ್ ಇರಬೇಕು. ದೊಡ್ಡ ತುಂಡು ಹಾಕಿದರೆ ಒಳಗೆ ಕೊಳೆಯುತ್ತದೆ. ಕಿಡ್ನಿ ಎಲ್ಲಿದೆ ಅಂತ ಹುಡುಕಬೇಡಿ, ಗಾಳಿಚೀಲದ ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡ ಕಡುಗೆಂಪು ಪಟ್ಟಿಯೇ ಅದು. ನಿಮ್ಮ ಮೀನಿಗೆ ಮಿದುಳಿನ ಚೂರು ಕೂಡ ಬೇಕೇ ಬೇಕು, ಬೇರೆ ಶೀಶೆಯಲ್ಲಿ. ಈ ಆಲ್ಕೋಹಾಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ಅಬಕಾರಿ ಕಾನೂನು ಅಡ್ಡ ಬರುತ್ತದೆ. ತುಂಬಿದ ಶೀಶೆಗಳನ್ನು ಲ್ಯಾಬ್‌ನಿಂದಲೇ ಕೇಳಿ ತರಿಸಿಕೊಳ್ಳಿ. ಫಾರ್ಮಲಿನ್‌ನಲ್ಲಿ ಮಾತ್ರ ಹಾಕಬೇಡಿ. ಅದು ಅಂಗಾಂಶ ನೋಡಲು ಒಳ್ಳೆಯದು, ಡಿಎನ್‌ಎಗೆ ಶತ್ರು. ‘ಫಾರ್ಮಲಿನ್ ಹಾಕಿದ್ದೇವೆ ಮೇಡಂ, ಕೆಡಲ್ಲ’ ಅಂತ ಹೆಮ್ಮೆಯಿಂದ ತಂದುಕೊಡುವವರು ಈಗಲೂ ಇದ್ದಾರೆ.

ಇನ್ನೊಂದು ಮಾತು. ಆ ಪುಡಿ ಹಾಕದೇ ಇದ್ದದ್ದು ಒಳ್ಳೆಯದಾಯಿತು. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಪಿಸಿಆರ್‌ಗೆ ಸಿಗುತ್ತದೆ, ಆದರೆ ಆಂಟಿಬಯೋಟಿಕ್ ತಿಂದ ಮೀನಿನಲ್ಲಿ ಕಲ್ಚರ್ ಬಾರದೇ ಹೋಗಬಹುದು. ಕಲ್ಚರ್ ಇಲ್ಲದಿದ್ದರೆ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವುದು ಹೇಗೆ? ಔಷಧಿಗೆ ಬಗ್ಗದಂತೆ ಮಾಡುವ ನಿರೋಧಕ ಜೀನ್‌ಗಳಿಗೂ ಪಿಸಿಆರ್ ಇದೆ, ಆದರೆ ಜೀನ್ ಇರುವುದು ಬೇರೆ, ಕಲ್ಚರ್ ಪ್ಲೇಟ್ ಮೇಲೆ ಔಷಧಿ ಕೆಲಸ ಮಾಡುವುದನ್ನು ನೋಡುವುದೇ ಬೇರೆ. ನಾನು ಪಿಸಿಆರ್‌ನಿಂದ ಅನ್ನ ತಿನ್ನುವವಳು, ಆದರೂ ಹೇಳುತ್ತೇನೆ, ಕಲ್ಚರ್ ಬಿಡಬೇಡಿ.

ಆ ಪ್ಯಾಕೆಟ್ ಮೇಲೆ ಒಳಗೇನಿದೆ ಅಂತ ಬರೆದಿಲ್ಲದಿದ್ದರೆ ವಾಪಸ್ ಕೊಟ್ಟುಬಿಡಿ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಅನ್ನುವ ಆಂಟಿಬಯೋಟಿಕ್‌ಗಳು ಮೀನು ಸಾಕಣೆಯಲ್ಲಿ ನಿಷೇಧ.

ಪಶುವೈದ್ಯ, ಹಾಸನ

ಕಡಲತಡಿ ಮೇಡಂ, ಚೆನ್ನಾಗಿ ಬರೆದಿದ್ದೀರಿ. ಒಂದು ಅನುಮಾನ. ಈ ಅಗಲಾಕ್ಟಿಯೇ ನಮಗೆ ಹಳೇ ಪರಿಚಯ. ಹಸುವಿನ ಕೆಚ್ಚಲು ಬಾವಿನಲ್ಲಿ ಸಿಗುತ್ತದೆ. ಹಳ್ಳಿಗಳಲ್ಲಿ ಕೊಟ್ಟಿಗೆ ತೊಳೆದ ನೀರು ಹೊಂಡಕ್ಕೆ ಹರಿಯುವುದು ಮಾಮೂಲು. ಕೆಲವರು ಬೇಕೆಂದೇ ಬಿಡುತ್ತಾರೆ, ಗೊಬ್ಬರ ಆಗುತ್ತದೆ ಅಂತ. ಹಾಗೆ ಮೀನಿಗೆ ಬಂದಿರಬಹುದಾ?

ಕಡಲತಡಿ

ಡಾಕ್ಟ್ರೇ, ಒಳ್ಳೇ ಪ್ರಶ್ನೆ. ಇದಕ್ಕೆ ಸಾದಾ ಪಿಸಿಆರ್ ಉತ್ತರ ಕೊಡುವುದಿಲ್ಲ. ಹಸುವಿನದಾಗಲಿ, ಮನುಷ್ಯರದಾಗಲಿ, ಮೀನಿನದಾಗಲಿ, ಅಗಲಾಕ್ಟಿಯೇ ಅಂದರೆ ಅದಕ್ಕೆ ಪಾಸಿಟಿವ್. ತಳಿ ತಿಳಿಯಲು 7 ಜೀನ್‌ಗಳ ಅಕ್ಷರ ಓದಿ ಹೋಲಿಸುವ ವಿಧಾನವಿದೆ, ಆಮೇಲೆ ಒಂದು ನಂಬರ್ ಕೊಡುತ್ತಾರೆ. ಹಾಗೆ ನೋಡಿದರೆ ಮೀನಿನಲ್ಲಿ ಸಿಗುವ ತಳಿಗಳು ಹೆಚ್ಚಾಗಿ ಕೆಚ್ಚಲು ಬಾವಿನ ತಳಿಗಳಿಗಿಂತ ಬೇರೆ. ಒಂದು ಗುಂಪಂತೂ ಮೀನಿಗೇ ಒಗ್ಗಿಕೊಂಡು ತನ್ನ ಎಷ್ಟೋ ಜೀನ್‌ಗಳನ್ನು ಕಳೆದುಕೊಂಡು ಜೀನೋಮ್, ಅಂದರೆ ಒಟ್ಟು ಡಿಎನ್‌ಎ, ಚಿಕ್ಕದಾಗಿಬಿಟ್ಟಿದೆ. ಹಾಗಾಗಿ ಕೊಟ್ಟಿಗೆಗಿಂತ ನನಗೆ ಜಾಸ್ತಿ ಅನುಮಾನ ಮರಿಗಳ ಮೇಲೆ, ಅಂದರೆ ಮರಿ ಮಾಡಿ ಮಾರುವ ಹ್ಯಾಚರಿ ಮೇಲೆ. ಹಾಗಂತ ಕೊಟ್ಟಿಗೆ ನೀರನ್ನು ಹೊಂಡಕ್ಕೆ ಹರಿಸಿ ಅಂತ ನಾನು ಹೇಳುತ್ತಿಲ್ಲ. ಈ ಬಿಸಿಲಿಗೆ ಅಮೋನಿಯಾ ಏರಿದರೆ ಅದೇ ಒಂದು ಕಾಯಿಲೆ.

ಅಂದಹಾಗೆ, ಒಂದು ತಳಿ ಮನುಷ್ಯರಿಗೂ ಬಂದಿದೆ. 2015ರಲ್ಲಿ ಸಿಂಗಾಪುರದಲ್ಲಿ ಹಸಿ ಸಿಹಿನೀರು ಮೀನು ತಿಂದವರಿಗೆ ಸೋಂಕಾಗಿ ದೊಡ್ಡ ಸುದ್ದಿಯಾಯಿತು. ಕಾರಣ ಇದೇ ಅಗಲಾಕ್ಟಿಯೇ, 283ನೇ ನಂಬರಿನ ತಳಿ. ನಮ್ಮಲ್ಲಿ ಮೀನು ಹಸಿ ತಿನ್ನುವವರಿಲ್ಲ, ಸಾರಿನಲ್ಲಿ ಕುದಿಸಿದರೆ ಅದು ಉಳಿಯುವುದಿಲ್ಲ. ಆದರೆ ಕಾಯಿಲೆ ಮೀನು ಮುಟ್ಟುವಾಗ ಗ್ಲೌಸ್ ಹಾಕಿ. ಟೊರೊಂಟೊದಲ್ಲಿ 1995–96ರ ಚಳಿಗಾಲದಲ್ಲಿ ತಿಲಾಪಿಯಾ ಶುಚಿ ಮಾಡುವಾಗ ಕೈಗೆ ಗಾಯವಾದವರಿಗೆ ಇನಿಯೇ ಸೋಂಕು ತಗುಲಿತ್ತು. ತಿಲಾಪಿಯಾದ ಬೆನ್ನಮುಳ್ಳು ಹೇಗೆ ಚುಚ್ಚುತ್ತದೆ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಮಲೆನಾಡು ಅಕ್ವೇರಿಯಂ

ಮೆಷಿನ್ ಇಲ್ಲದೆ ಮನೆಯಲ್ಲೇ ಮಾಡುವ ಡಿಎನ್‌ಎ ಕಿಟ್ ಬಂದಿದೆ ಅಂತ ವಿಡಿಯೋ ನೋಡಿದೆ. ಬಣ್ಣ ಬದಲಾದರೆ ಪಾಸಿಟಿವ್ ಅಂತೆ. ನಿಜನಾ?

ಕಡಲತಡಿ

ನೀವು ನೋಡಿದ್ದು ಬಹುಶಃ ಲ್ಯಾಂಪ್ ಅನ್ನುವ ಟೆಸ್ಟ್, ದೀಪ ಅಲ್ಲ. ಜಪಾನಿನವರು 2000ದಲ್ಲಿ ಪ್ರಕಟಿಸಿದ ವಿಧಾನ. ಪಿಸಿಆರ್ ಥರ ಬಿಸಿ–ತಣ್ಣಗೆ ಅಂತ ಸುತ್ತು ಹೊಡೆಸುವುದಿಲ್ಲ, 60–65 ಡಿಗ್ರಿಯಲ್ಲಿ ಒಂದು ಗಂಟೆಯ ಹತ್ತಿರ ಇಟ್ಟರೆ ಸಾಕು. ಅಷ್ಟು ಬಿಸಿ ಒಂದೇ ಸಮ ಹಿಡಿಯುವ ನೀರಿನ ತೊಟ್ಟಿ ಇದ್ದರೂ ಆಗುತ್ತದೆ. ಮೀನಿನ ಎಡ್ವರ್ಡ್ಸಿಯೆಲ್ಲಾಗೆ 2004ರಲ್ಲೇ ಮಾಡಿ ತೋರಿಸಿದ್ದಾರೆ.

ಹ್ಯಾಚರಿಯವರಿಗೆ ಒಳ್ಳೆಯದು, ಮನೆಗೆ ಬೇಡ. ಇದು ಎಷ್ಟು ಸೂಕ್ಷ್ಮ ಅಂದರೆ ಒಮ್ಮೆ ಪಾಸಿಟಿವ್ ಬಂದ ಟ್ಯೂಬಿನ ಮುಚ್ಚಳ ಅದೇ ಕೋಣೆಯಲ್ಲಿ ತೆಗೆದರೆ ಮುಂದಿನ ಟೆಸ್ಟುಗಳೆಲ್ಲ ಪಾಸಿಟಿವ್ ಬರುತ್ತಾ ಹೋಗಬಹುದು. ಪ್ರತಿ ಸಲ ಬರೀ ನೀರು ಹಾಕಿದ ಒಂದು ಟ್ಯೂಬ್ ಜೊತೆಗಿಡಬೇಕು. ಅದು ಬಣ್ಣ ಬದಲಿಸಿದರೆ ಆ ದಿನದ್ದೆಲ್ಲ ಕಸದ ಬುಟ್ಟಿಗೆ. ವಿಡಿಯೋದಲ್ಲಿ ಆ ನೀರಿನ ಟ್ಯೂಬ್ ತೋರಿಸಿದರಾ ನೋಡಿ.

ನಾಲೆಬಯಲು, ಪಾಂಡವಪುರ

ಎಲ್ಲರಿಗೂ ಧನ್ಯವಾದ. ಬೆಳಗಿನ ಜಾವ ಮೀನು ಬಾಯಿ ಬಿಡುತ್ತಿಲ್ಲ, ಆಕ್ಸಿಜನ್ ಸರಿಯಿದೆ. ಮೇವು ನಿಲ್ಲಿಸಿದೆ. ಸಾಯುವುದು ಕಮ್ಮಿಯಾಗಿದೆ, ನಿಂತಿಲ್ಲ. ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ ಬೇರೆ ಲ್ಯಾಬ್‌ನ ದಾರಿ ಮಾಡಿಕೊಂಡೆ. ಜೀವಂತ ಮೀನೇ ತಗೊಂಡು ಹೋದೆವು. ಮಗಳೂ ಬಂದಿದ್ದಳು, ಮೈಕ್ರೋಸ್ಕೋಪ್‌ನಲ್ಲಿ ಆ ನೇರಳೆ ಸರ ಅವಳಿಗೂ ತೋರಿಸಿದರಂತೆ. ನನಗೆ ಏನೂ ಕಾಣಲಿಲ್ಲ ಬಿಡಿ.

ರಿಪೋರ್ಟ್ ಬಂದಿದೆ. ಇದ್ದ ಹಾಗೇ ಬರೆಯುತ್ತೇನೆ. ಮಿದುಳು: ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೇ ಪಾಸಿಟಿವ್, ಸಿಟಿ 19. ಇನಿಯೇ ನೆಗೆಟಿವ್. ಕಿಡ್ನಿ: ಅಗಲಾಕ್ಟಿಯೇ ಪಾಸಿಟಿವ್, ಸಿಟಿ 21. ಏರೋಮೊನಾಸ್ ಹೈಡ್ರೋಫಿಲಾ ಪಾಸಿಟಿವ್, ಸಿಟಿ 34. ತಿಲಾಪಿಯಾ ಲೇಕ್ ವೈರಸ್ ನೆಗೆಟಿವ್. ಕಲ್ಚರ್ ಇನ್ನೂ ಬರಬೇಕು.

ಈಗ ಎರಡು ರೋಗ ಅಂತಾಯಿತಲ್ಲ? ಅಂಗಡಿಯವರಿಗೆ ತೋರಿಸಿದೆ. ‘ನೋಡಿ, ನಾನು ಹೇಳಲಿಲ್ವಾ ಏರೋಮೊನಾಸ್ ಅಂತ’ ಅಂದುಬಿಟ್ಟರು. ಸಿಟಿ ಅಂದರೆ ಏನು?

ಕಡಲತಡಿ

ಅಣ್ಣಾ, ಅಂಗಡಿಯವರು ಯಾವ ಹೊಂಡದ ಮೀನಿಗೆ ಏರೋಮೊನಾಸ್ ಅಂದರೂ ಟೆಸ್ಟ್ ಬಹಳ ಸಲ ಅವರ ಪರವಾಗಿಯೇ ಬರುತ್ತದೆ. ಅದು ಸಿಹಿನೀರಿನಲ್ಲಿ ಎಲ್ಲೆಡೆ ಇರುವ ಬ್ಯಾಕ್ಟೀರಿಯಾ. ನಿಮ್ಮ ನಾಲೆ ನೀರಿನಲ್ಲೂ ಇರುತ್ತದೆ, ಆರೋಗ್ಯವಾಗಿರುವ ಮೀನಿನ ಕರುಳಲ್ಲೂ ಇರುತ್ತದೆ.

ಸಿಟಿ ಅಂದರೆ ಎಷ್ಟನೇ ಸುತ್ತಿಗೆ ಮೆಷಿನ್‌ಗೆ ಡಿಎನ್‌ಎ ಕಂಡಿತು ಅನ್ನುವ ಲೆಕ್ಕ. ಪ್ರತಿ ಸುತ್ತಿಗೂ ಡಿಎನ್‌ಎ ಅಳೆಯುವ ರಿಯಲ್‌ಟೈಮ್ ಪಿಸಿಆರ್‌ನಲ್ಲಿ ಮಾತ್ರ ಇದು ಸಿಗುತ್ತದೆ, ಜೆಲ್ ಗೆರೆಯಲ್ಲಿ ಸಿಗುವುದಿಲ್ಲ. ಸಂಖ್ಯೆ ಚಿಕ್ಕದಾದಷ್ಟೂ ಬ್ಯಾಕ್ಟೀರಿಯಾ ಜಾಸ್ತಿ. ಸುಮಾರು 3.3 ಸುತ್ತು ವ್ಯತ್ಯಾಸ ಅಂದರೆ ಹತ್ತು ಪಟ್ಟು. ನಿಮ್ಮದರಲ್ಲಿ 19ಕ್ಕೂ 34ಕ್ಕೂ 15 ಸುತ್ತಿನ ಅಂತರ. ಪ್ರತಿ ಸುತ್ತಿಗೆ ಎರಡು ಪಟ್ಟು ಅಂತ ಹಿಡಿದರೆ 32 ಸಾವಿರ ಪಟ್ಟು ದಾಟುತ್ತದೆ. ಎರಡೂ ಬೇರೆ ಬೇರೆ ಟೆಸ್ಟ್, ಅಂಗವೂ ಬೇರೆ, ಹಾಗಾಗಿ ಇದನ್ನು ತಕ್ಕಡಿ ತೂಕ ಅಂತ ತಗೊಳ್ಳಬೇಡಿ. ಕಿಡ್ನಿಗೆ ಕಿಡ್ನಿ ಹೋಲಿಸಿದರೂ 13 ಸುತ್ತು, 8 ಸಾವಿರ ಪಟ್ಟು. ಯಾವುದು ಯಜಮಾನ, ಯಾವುದು ಬಾಲಂಗೋಚಿ ಅಂತ ಗೊತ್ತಾಗುತ್ತಲ್ವಾ? ಮಿದುಳಿನಲ್ಲಿ ಸ್ಟ್ರೆಪ್ಟೊಕಾಕಸ್, ಸ್ಲೈಡ್ ಮೇಲೂ ಅದೇ, ಲಕ್ಷಣವೂ ಅದೇ. ಮೂರೂ ಒಂದೇ ಮಾತು ಹೇಳುತ್ತಿವೆ.

ಪಾಸಿಟಿವ್ ಬಂದಿದ್ದಕ್ಕೆಲ್ಲ ಪಟ್ಟ ಕಟ್ಟಿದರೆ ಏನಾಗುತ್ತದೆ ಅಂತ ನಮ್ಮ ದೇಶದಲ್ಲೇ ಉದಾಹರಣೆ ಇದೆ. 1988ರಲ್ಲಿ ಈಶಾನ್ಯದ ಕಡೆಯಿಂದ ಭಾರತಕ್ಕೆ ಒಂದು ಹುಣ್ಣು ರೋಗ ನುಗ್ಗಿತು. ಇಯುಎಸ್ ಅನ್ನುತ್ತೇವೆ, ಹಳಬರಿಗೆ ನೆನಪಿರುತ್ತದೆ. ಹುಣ್ಣಿನಿಂದ ಬೆಳೆಸಿ ನೋಡಿದರೆ ಏರೋಮೊನಾಸ್ ಸಿಗುತ್ತಿತ್ತು. ಆದರೆ ಮೂಲ ಕಾರಣ ಅಫನೋಮೈಸಿಸ್ ಅನ್ನುವ, ಶಿಲೀಂಧ್ರದ ಥರದ ಬೇರೆಯೇ ಜೀವಿ. ಬ್ಯಾಕ್ಟೀರಿಯಾ ಆಮೇಲೆ ತೆರೆದ ಹುಣ್ಣಿನೊಳಗೆ ಹೊಕ್ಕಿದ್ದು.

ಔಷಧಿ ವಿಷಯ. ಕಲ್ಚರ್ ರಿಪೋರ್ಟ್ ಬರುವವರೆಗೆ ತಡೆಯಿರಿ. ಬಂದ ಮೇಲೂ ಪಶುವೈದ್ಯರು ಅಥವಾ ಇಲಾಖೆಯ ತಜ್ಞರು ಬರೆದುಕೊಟ್ಟರೆ ಮಾತ್ರ. ಒಂದು ಮಾತು ನೆನಪಿಡಿ, ಕಾಯಿಲೆ ಬಿದ್ದ ಮೀನು ಮೇವು ತಿನ್ನುವುದಿಲ್ಲ. ಮೇವಿನಲ್ಲಿ ಕಲಸಿದ ಔಷಧಿ ಹೋಗುವುದು ಇನ್ನೂ ತಿನ್ನುತ್ತಿರುವ ಮೀನಿಗೆ. ಸುತ್ತುತ್ತಿರುವುದು ಉಳಿಯುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅವನ್ನು ದಿನಾ ಬಲೆಯಲ್ಲಿ ತೆಗೆದು ಸುಣ್ಣ ಹಾಕಿ ಆಳವಾಗಿ ಹೂಳಿ, ನಾಲೆಗೆ ಎಸೆಯಬೇಡಿ. ದೊಡ್ಡ ಹೊಂಡದ ಬಲೆ, ಬುಟ್ಟಿ ಮರಿ ಹೊಂಡಕ್ಕೆ ಇಳಿಸಬೇಡಿ. ಔಷಧಿ ಹಾಕಿದರೆ ಎಷ್ಟು ದಿನ ಮೀನು ಮಾರಬಾರದು ಅಂತ ಬರೆಸಿಕೊಳ್ಳಿ.

‘ರಿಪೋರ್ಟ್ ಫಿಶ್ ಡಿಸೀಸ್’ ಅಂತ ಒಂದು ಆ್ಯಪ್ ಇದೆ, 2023ರಲ್ಲಿ ಬಂತು. ಲಕ್ನೋದ ಮೀನು ತಳಿ ಸಂಪನ್ಮೂಲ ಬ್ಯೂರೋದವರು ಮಾಡಿದ್ದು, ದೇಶದ ಮೀನು ರೋಗಗಳ ಲೆಕ್ಕ ಇಡುವ ಯೋಜನೆಯೂ ಅವರದ್ದೇ ಮೇಲ್ವಿಚಾರಣೆ. ಅದರಲ್ಲೂ ಹಾಕಿ. ನಿಮಗೆ ಇವತ್ತೇ ಲಾಭ ಆಗದಿರಬಹುದು, ಮುಂದಿನ ಬೇಸಿಗೆಗೆ ಮಂಡ್ಯದಲ್ಲಿ ಏನಿತ್ತು ಅಂತಾದರೂ ದಾಖಲೆ ಇರುತ್ತದೆ.

ಭದ್ರಾ ಹಿನ್ನೀರು

ಸರಿ ಮೇಡಂ, ಸುಣ್ಣ–ಉಪ್ಪಿನ ಮಾತು ವಾಪಸ್ ತಗೊಳ್ಳುವುದಿಲ್ಲ, ಆದರೆ ಅರ್ಧ ಒಪ್ಪಿದೆ. ಈಗ ನನ್ನ ಪ್ರಶ್ನೆ. ಮರಿ ಮೇಲೆ ಅನುಮಾನ ಅಂದಿರಿ. ನನ್ನ ಹ್ಯಾಚರಿಯವರು ‘ಪಿಸಿಆರ್ ಟೆಸ್ಟೆಡ್, ರೋಗಮುಕ್ತ’ ಅಂತ ಸರ್ಟಿಫಿಕೇಟ್ ಕೊಡುತ್ತಾರೆ, ಬಣ್ಣದ ಸೀಲ್ ಸಮೇತ. ನಂಬಬಹುದಾ?

ಕಡಲತಡಿ

ಅಣ್ಣಾ, ಈ ವಿದ್ಯೆಗೆ ನಿಜವಾದ ಬೆಲೆ ಇರುವುದೇ ಅಲ್ಲಿ. ಮೀನು ಸಾಯಲು ಶುರುವಾದ ಮೇಲೆ ಸ್ಲೈಡ್, ಕಲ್ಚರ್ ಬಹಳಷ್ಟು ಹೇಳುತ್ತವೆ. ನೋಡಲು ಆರೋಗ್ಯವಾಗಿದ್ದು ಒಳಗೆ ಸ್ವಲ್ಪವೇ ಬ್ಯಾಕ್ಟೀರಿಯಾ ಇಟ್ಟುಕೊಂಡ ತಾಯಿ ಮೀನು, ಮರಿಗಳನ್ನು ಹಿಡಿಯಲು ಡಿಎನ್‌ಎ ಟೆಸ್ಟೇ ಬೇಕು. ಮಂಗಳೂರಿನಲ್ಲಿ ವಿಜ್ಞಾನಿಗಳಾದ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಅವರು ಸಿಗಡಿಯ ಬಿಳಿಚುಕ್ಕೆ ವೈರಸ್‌ಗೆ ಪಿಸಿಆರ್ ಕೆಲಸ ಮಾಡಿದ್ದೂ ಇದಕ್ಕೇ, ಮರಿ ಕೊಳ್ಳುವ ಮುಂಚೆ ನೋಡಲು. ಸಿಗಡಿಯವರಿಗೆ ಅದು ಈಗ ಅಭ್ಯಾಸ. ಸಿಹಿನೀರು ಮೀನಿನವರು ಇನ್ನೂ ಸೀಲ್ ನೋಡಿ ನಂಬುತ್ತೇವೆ.

ಸೀಲ್ ಬಿಡಿ, ಎಷ್ಟು ಮರಿ ಟೆಸ್ಟ್ ಮಾಡಿದರು ಕೇಳಿ. ಒಂದು ದೊಡ್ಡ ತೊಟ್ಟಿಯಲ್ಲಿ ನೂರಕ್ಕೆ ಎರಡು ಮರಿಗೆ ಸೋಂಕಿದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಒಂದಾದರೂ ನಮ್ಮ ಕೈಗೆ ಸಿಗುತ್ತದೆ ಅಂತ 95 ಪರ್ಸೆಂಟ್ ಭರವಸೆ ಬೇಕಾದರೆ 150 ಮರಿ ತೆಗೆಯಬೇಕು. ನೂರಕ್ಕೆ ಐದಕ್ಕೆ ಇದ್ದರೆ 60 ಸಾಕು, ಹತ್ತಕ್ಕೆ ಇದ್ದರೆ 30. ಖರ್ಚು ಉಳಿಸಲು ಐದೈದು ಮರಿ ಸೇರಿಸಿ ಒಂದು ಟ್ಯೂಬ್ ಮಾಡುವುದುಂಟು, ಅದು ಸರಿ. ಆದರೆ ಐದೇ ಮರಿ ನೋಡಿ ‘ರೋಗಮುಕ್ತ’ ಅಂತ ಬರೆದರೆ, ಆ ನೂರಕ್ಕೆ ಎರಡರ ತೊಟ್ಟಿ ಹತ್ತರಲ್ಲಿ ಒಂಬತ್ತು ಸಲ ನೆಗೆಟಿವ್ ಅಂತಲೇ ಬರುತ್ತದೆ. ಮೆಷಿನ್ ಸುಳ್ಳು ಹೇಳಿಲ್ಲ. ಕಾಯಿಲೆ ಮರಿ ಟ್ಯೂಬಿನೊಳಗೆ ಬರಲೇ ಇಲ್ಲ.

ಯಾವ ರೋಗಕ್ಕೆ ಟೆಸ್ಟ್ ಮಾಡಿದರು ಅಂತಲೂ ನೋಡಿ. ತಿಲಾಪಿಯಾ ಮರಿಯ ಸರ್ಟಿಫಿಕೇಟಿನಲ್ಲಿ ಸಿಗಡಿ ವೈರಸ್ಸಿನ ಹೆಸರು ನೋಡಿದ್ದೇನೆ, ತಮಾಷೆ ಅಲ್ಲ. ತಾರೀಕು ನೋಡಿ, ಹೋದ ವರ್ಷದ ತೊಟ್ಟಿಯ ರಿಪೋರ್ಟ್ ಜೆರಾಕ್ಸ್ ಮಾಡಿ ಈ ವರ್ಷದ ಮರಿಗೆ ಕೊಡುವವರಿದ್ದಾರೆ. ಮತ್ತೆ, ಮರಿ ತಂದ ಮೇಲೆ ನೇರವಾಗಿ ದೊಡ್ಡ ಹೊಂಡಕ್ಕೆ ಬಿಡದೆ ಕೆಲವು ವಾರ ಬೇರೆ ಇಟ್ಟು ನೋಡಿ. ಸೋಂಕು ಇದ್ದರೂ ನೀರು ತಣ್ಣಗಿರುವಾಗ ಹೊರಗೆ ಕಾಣದಿರಬಹುದು, ಅದನ್ನೂ ಮನಸ್ಸಲ್ಲಿಡಿ.

ನಾಲೆಬಯಲು, ಪಾಂಡವಪುರ

ಕಲ್ಚರ್ ಬಂತು. ಅಗಲಾಕ್ಟಿಯೇ ಒಂದೇ ಬೆಳೆದಿದೆ. ಟೆಟ್ರಾಸೈಕ್ಲಿನ್ ಗುಂಪಿಗೆ ಬಗ್ಗುವುದಿಲ್ಲ ಅಂತ ಬರೆದಿದ್ದಾರೆ. ಅಂಗಡಿಯ ಪುಡಿ ಅದೇ ಗುಂಪಿನದ್ದಂತೆ, ಪ್ಯಾಕೆಟ್ ಮೇಲೆ ಬರೆದಿರಲಿಲ್ಲ, ಫೋನ್ ಮಾಡಿ ಬಾಯಿ ಬಿಡಿಸಿದೆ. ವಾಪಸ್ ಕೊಟ್ಟೆ, ದುಡ್ಡಿನ ಬದಲು ಎರಡು ಚೀಲ ಮೇವು ಕೊಟ್ಟರು. ಮುಂದೇನು ಅಂತ ಡಾಕ್ಟ್ರ ಹತ್ತಿರ ಮಾತಾಡಿದ್ದೇನೆ. ಸದ್ಯಕ್ಕೆ ಔಷಧಿ ಬೇಡ, ಮೇವು ಕಮ್ಮಿ, ಮೀನು ಸ್ವಲ್ಪ ವಿರಳ ಮಾಡು ಅಂದಿದ್ದಾರೆ.

ಮರಿ ತಂದ ಹ್ಯಾಚರಿಗೂ ಫೋನ್ ಮಾಡಿ ಎಷ್ಟು ಮರಿ ಟೆಸ್ಟ್ ಮಾಡಿದಿರಿ ಅಂತ ಕೇಳಿದೆ. ‘ಸರ್ಟಿಫಿಕೇಟ್ ಕೊಟ್ಟಿದ್ದೀವಲ್ಲ ಸಾರ್, ಇನ್ನೇನು ಬೇಕು’ ಅಂದರು. ಮುಂದಿನ ಸಲಕ್ಕೆ ಬೇರೆ ಕಡೆ ನೋಡುತ್ತಿದ್ದೇನೆ. ಗಿಫ್ಟ್ ಮರಿಯನ್ನು ಟೆಸ್ಟ್ ವಿವರದ ಸಮೇತ ತರಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ಮಂಡ್ಯದವರೆಗೆ ಸಾಗಾಟಕ್ಕೆ ಎಷ್ಟಾಯಿತು, ದಾರಿಯಲ್ಲಿ ಎಷ್ಟು ಸತ್ತವು, ತಿಳಿಸಿ.